ಕಡೆಯ ಕೈಯ ಹೊಣೆ

ಒಂದು ವಸ್ತುವು ಹಲವರ ಕೈಗಳಲ್ಲಿ ಹಲವು ವರ್ಷ ನಡೆದು, ಕೊನೆಗೆ ಯಾವನೋ ಒಬ್ಬನ ಕೈಯಲ್ಲಿ ಮುರಿಯುತ್ತದೆ. ಮುರಿದವನು ಯಾರೆಂದು ಕೇಳಿದರೆ ಲೋಕವು ಆ ಕಡೆಯವನತ್ತಲೇ ಬೆರಳು ಮಾಡುವುದು. ಮೂವತ್ತು ವರ್ಷ ಒಲೆಯ ಮೇಲೆ ಬೆಂದು, ಒಳಗೊಳಗೇ ಸೀಳುಬಿಟ್ಟು ಸತ್ವ ಕಳೆದುಕೊಂಡ ಮಡಕೆಯು ಸೊಸೆ ಇಳಿಸುವಾಗ ಎರಡಾದರೆ, ಒಡೆದವಳು ಸೊಸೆ. ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲವೆಂಬ ಗಾದೆಯಲ್ಲಿ ಹಾಸ್ಯವೆಷ್ಟಿದೆಯೋ ಅಷ್ಟೇ ಆಳವಾಗಿ ನ್ಯಾಯದ ಪ್ರಶ್ನೆಯೂ ಅಡಗಿದೆ. ಕೆಡುಕು ಎಂದು ಮೊದಲಾಯಿತು, ಯಾರಿಂದ ಮೊದಲಾಯಿತು, ಅದು ಹೊರಬಿದ್ದ ಗಳಿಗೆಯಲ್ಲಿ ಎದುರಿಗಿದ್ದವನು ಅದರಲ್ಲಿ ಎಷ್ಟು ಪಾಲಿಗೆ ಹೊಣೆ ಎಂಬ ಪ್ರಶ್ನೆಗಳು ಮನೆಯ ಹಂಚಿಕೆಯಲ್ಲಿಯೂ ರಾಜ್ಯದ ಆಡಳಿತದಲ್ಲಿಯೂ ಒಂದೇ ಬಗೆಯಾಗಿ ಏಳತಕ್ಕವು. ದೊಡ್ಡ ನಿದರ್ಶನಗಳಲ್ಲಿ ಪಕ್ಷಪಾತವು ಬೇಗನೆ ನುಗ್ಗುವುದರಿಂದ, ಇಂತಹ ಪ್ರಶ್ನೆಯನ್ನು ಸಣ್ಣದೊಂದು ನಿದರ್ಶನದಲ್ಲಿಟ್ಟು ನೋಡುವುದು ಲೇಸು. ಹಳೆಯ ಮೋಟಾರ್ ಸೈಕಲ್ಲೊಂದರ ತಿರುಪುಮೊಳೆಗಿಂತ ಸಣ್ಣದು ಸಿಕ್ಕುವುದು ಕಷ್ಟ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1960ರ ದಶಕದ ಆರಂಭದಿಂದ 1996ರವರೆಗೆ ಮೋಟಾರ್ ಸೈಕಲ್ಲುಗಳು ತಯಾರಾದವು. ಜೆಕೊಸ್ಲೊವಾಕಿಯ ದೇಶದ ನಕ್ಷೆಯನ್ನನುಸರಿಸಿದ ಆ ಗಾಡಿಯು ಮೊದಲು ಜಾವಾ ಎಂದೂ, 1973ರಿಂದ ಯೆಜ್ಡಿ ಎಂದೂ ಹೆಸರು ಹೊತ್ತು ಊರೂರುಗಳಲ್ಲಿ ಓಡಾಡಿತು. ಇಂದಿಗೂ ಎಷ್ಟೋ ಮನೆಗಳ ಹಿತ್ತಿಲಿನಲ್ಲಿ, ಕೊಟ್ಟಿಗೆಯ ಮೂಲೆಯಲ್ಲಿ, ಗೋಣಿತಟ್ಟು ಹೊದ್ದು ನಿಂತಿರುವುದುಂಟು. ಅಂತಹ ಮನೆಯ ಗೃಹಸ್ಥನೊಬ್ಬನನ್ನು ಭಾವಿಸಿಕೊಳ್ಳಬಹುದು. ಗಾಡಿಯನ್ನು ಕೊಂಡವರು ಅವನ ತಂದೆ. ಅವರು ಅದನ್ನು ಇಪ್ಪತ್ತು ವರ್ಷ ಓಡಿಸಿ, ನಿಲ್ಲಿಸಿ, ತೀರಿಕೊಂಡಮೇಲೆ ಇನ್ನೂ ಹದಿನೈದು ವರ್ಷ ಅದು ಮಳೆಯ ಎರಚಲಿಗೂ ಕೋಳಿಗಳಿಗೂ ಪಕ್ಕಾಗಿ ನಿಂತಿತ್ತು. ಈಗ ಮಗನಿಗೆ ಅದನ್ನು ಮತ್ತೆ ನಡೆಯುವಂತೆ ಮಾಡಬೇಕೆಂಬ ಮನಸ್ಸಾಗಿದೆ. ಎಂಜಿನ್ನಿನ ಪಕ್ಕದ ಮುಚ್ಚಳವನ್ನು ಬಿಚ್ಚಹೊರಟನು. ಮುಚ್ಚಳದ ತಿರುಪುಗಳು ಒಂದಾದಮೇಲೊಂದು ಮುಲುಕುತ್ತ ಸಡಿಲವಾದವು. ಕೆಳಮೂಲೆಯ ಒಂದು ಮಾತ್ರ ಅಲುಗಲಿಲ್ಲ. ಅವನು ತಿರುಪುಳಿಯನ್ನು ಒತ್ತಿ ಹಿಡಿದು ಮೈಬಲವನ್ನೆಲ್ಲ ಹಾಕಿದನು. ತಿರುಪಿನ ತಲೆಯ ಗಾಡಿ ಹರಿದು, ತಿರುಪುಳಿಯು ಜಾರಿ, ಬೆರಳ ಗೆಣ್ಣು ಒಡೆದು ರಕ್ತ ಬಂದಿತು. ಅಲ್ಲಿಗೆ ನಿಲ್ಲಿಸುವಷ್ಟು ವಿವೇಕ ಅವನಲ್ಲಿದ್ದುದರಿಂದ ಗಾಡಿಯನ್ನು ಮೇಸ್ತ್ರಿಯ ಅಂಗಡಿಗೆ ತಳ್ಳಿಕೊಂಡು ಹೋದನು.

ಮೇಸ್ತ್ರಿಯು ಕೂತು, ಬಟ್ಟೆಯಿಂದ ಆ ತಲೆಯನ್ನೊರೆಸಿ, ಬೆಳಕಿಗೆ ತಿರುಗಿಸಿ ನೋಡಿದನು.

“ಸ್ವಾಮಿ, ಇದನ್ನು ಹಿಂದೆ ಯಾರೋ ಚಾಣ ಇಟ್ಟು ಹೊಡೆದಿದ್ದಾರೆ.”

“ನಮ್ಮ ತಂದೆಯವರ ಹೊರತು ಬೇರೆ ಯಾರೂ ಇದನ್ನು ಮುಟ್ಟಿಲ್ಲವಪ್ಪ. ಬಿಚ್ಚುವುದಕ್ಕೆ ನೋಡಿರಬೇಕು.”

“ಬಿಚ್ಚುವುದಕ್ಕಲ್ಲ ಸ್ವಾಮಿ. ಗಾಯ ಈ ಮಗ್ಗುಲಿಗಿದೆ ನೋಡಿ. ಇದು ಬಿಗಿಮಾಡುವುದಕ್ಕೆ ಹೊಡೆದದ್ದು.”

ಈ ಮಾತಿನ ಅರ್ಥವನ್ನು ಕಾರ್ಖಾನೆಯ ಪರಿಚಯವಿಲ್ಲದ ವಾಚಕರಿಗಾಗಿ ಬಿಡಿಸಿ ಹೇಳಬೇಕು. ತಿರುಪುಳಿಗೆ ಹಿಡಿತ ಸಿಕ್ಕದ ತಿರುಪನ್ನು ಕೆಲವರು ಅದರ ತಲೆಯ ಅಂಚಿಗೆ ಚಾಣದ ಮೊನೆಯನ್ನು ಓರೆಯಾಗಿಟ್ಟು ಸುತ್ತಿಗೆಯಿಂದ ಹೊಡೆದು ತಿರುಗಿಸುತ್ತಾರೆ. ಮೊನೆಯು ಲೋಹವನ್ನು ಯಾವ ದಿಕ್ಕಿಗೆ ಒತ್ತಿದೆಯೆಂಬುದು ಗಾಯದ ತುಟಿಯಲ್ಲಿ ಉಳಿಯುತ್ತದೆ. ಬಲಕ್ಕೆ ಒತ್ತಿದ್ದರೆ ಹೊಡೆದವನು ಬಿಗಿಯಲೆಳಸಿದನು, ಎಡಕ್ಕಾದರೆ ಸಡಿಲಿಸಲೆಳಸಿದನು. ಆ ಮುಚ್ಚಳದ ಕೆಳಮೂಲೆಯಲ್ಲಿ ಎಣ್ಣೆ ಒಸರುತ್ತಿದ್ದಿರಬೇಕು. ಅದನ್ನು ನಿಲ್ಲಿಸಲು ತಂದೆಯು ಅಲ್ಲಿನ ತಿರುಪನ್ನು ಮತ್ತೆ ಮತ್ತೆ ಬಿಗಿದು, ತಿರುಪುಳಿ ಸಾಲದೆ ಚಾಣವನ್ನು ಹಿಡಿದಿದ್ದರು. ಗಾಡಿಯ ಮುಂದೆ ಒಂದು ಕೂಸು, ಹಿಂದೆ ಹೆಂಡತಿ, ನಡುವೆ ಇನ್ನೊಂದು ಕೂಸು, ಹೀಗೆ ಕೂರಿಸಿಕೊಂಡು ಇಪ್ಪತ್ತು ಮೈಲಿ ಹೋಗಬೇಕಾದವನು ಎಣ್ಣೆ ಒಸರುವುದನ್ನು ಕಂಡು ಸುಮ್ಮನಿರಲಾರನು. ಮಗನು ಆ ಗಾಯವನ್ನು ಇನ್ನೊಮ್ಮೆ ಬಾಗಿ ನೋಡಿದನು.

ಬಿಗಿತದ ವಿಷಯದಲ್ಲಿ ಕೈಯ ಅಂದಾಜು ಬಹಳ ಮೋಸ ಮಾಡತಕ್ಕದ್ದು. ತಿರುಪನ್ನು ತಿರುಗಿಸುವಾಗ ಹಾಕುವ ಬಲದಲ್ಲಿ ಸುಮಾರು ಅರ್ಧಪಾಲು ತಲೆಯ ಕೆಳಗಿನ ಉಜ್ಜಾಟಕ್ಕೂ, ನೂರಕ್ಕೆ ನಲವತ್ತರಷ್ಟು ಸುರುಳಿಗೆರೆಯ, ಅಂದರೆ ಕಾರ್ಖಾನೆಯವರು ಥ್ರೆಡ್ಡು ಎನ್ನುವುದರ, ಉಜ್ಜಾಟಕ್ಕೂ ವ್ಯಯವಾಗಿ ಹೋಗುತ್ತದೆ. ಎರಡು ಭಾಗಗಳನ್ನು ಒತ್ತಿ ಹಿಡಿಯುವ ನಿಜವಾದ ಕೆಲಸಕ್ಕೆ ಉಳಿಯುವುದು ನೂರಕ್ಕೆ ಹತ್ತೋ ಹದಿನೈದೋ ಮಾತ್ರ. ಆರು ಮಿಲಿಮೀಟರು ದಪ್ಪದ ಉಕ್ಕಿನ ಬೋಲ್ಟಿಗೆ ಸಾಕಾಗುವ ಬಿಗಿತವು ಸುಮಾರು ಹತ್ತು ನ್ಯೂಟನ್-ಮೀಟರು, ಎಂದರೆ ಒಂದು ಮೀಟರು ಉದ್ದದ ಹಿಡಿಯ ತುದಿಗೆ ಒಂದು ಕಿಲೋಗ್ರಾಮಿನ ತೂಕವನ್ನು ತೂಗುಬಿಟ್ಟಷ್ಟು. ಅಲ್ಯೂಮಿನಿಯಂ ಕವಚದಲ್ಲಿಯಾದರೆ ಅದಕ್ಕಿಂತಲೂ ಮೆಲ್ಲಗೆ ಬಿಗಿಯಬೇಕು. ಇಷ್ಟು ಅಲ್ಪದ್ದನ್ನು ಭಯಗೊಂಡ ಮನಸ್ಸು ಒಪ್ಪದು. ಭಯದಿಂದ ಬಿಗಿದವನು ಇನ್ನೊಂದು ಸುತ್ತು, ಮತ್ತೊಂದು ಅರೆಸುತ್ತು ಎನ್ನುತ್ತ ಲೋಹದ ತಾಳ್ಮೆಯನ್ನೇ ಕರಗಿಸಿಬಿಡುವನು. ಪ್ರೀತಿಯು ವಸ್ತುಗಳನ್ನು ಕೆಡಿಸುವ ಬಗೆಗಳಲ್ಲಿ ಇದೂ ಒಂದು. ಆ ಮೇಲೆ ಮಳೆಯ ನೀರು ಇಳಿದಿದೆ. ಉಕ್ಕೂ ಅಲ್ಯೂಮಿನಿಯಮ್ಮೂ ಒಂದನ್ನೊಂದು ತಾಗಿ ತೇವವಾಗಿದ್ದಾಗ ಅವೆರಡರ ನಡುವೆ ಸಣ್ಣ ವಿದ್ಯುತ್ಪ್ರವಾಹ ಹುಟ್ಟಿ ಅಲ್ಯೂಮಿನಿಯಂ ಕರಗಿ ಬಿಳಿಯ ಪುಡಿಯಾಗುತ್ತದೆ. ಉಕ್ಕು ತನ್ನ ಪಾಲಿಗೆ ತುಕ್ಕು ಹಿಡಿಯುತ್ತದೆ, ಆ ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಮೀರಿ ಎಡೆಯನ್ನು ಬೇಡುತ್ತದೆ. ಎಡೆಯಿಲ್ಲದ ಕಡೆ ಎಡೆ ಬೇಡುವವರು ಸೇರಿದರೆ ಏನಾಗುವುದೋ ಅದೇ ಆ ಸುರುಳಿಯೊಳಗೂ ಆಗುತ್ತದೆ.

ಇಷ್ಟು ಪೂರ್ವಕಥೆಯಾಯಿತು. ಮೇಸ್ತ್ರಿಯು ತನ್ನ ಕೈಲಾದ ಉಪಾಯಗಳನ್ನೆಲ್ಲ ಮಾಡಿದನು. ಆದರೂ ಮರುದಿನ ಮಧ್ಯಾಹ್ನ ಆ ತಿರುಪಿನ ತಲೆಯು ಅವನ ಕೈಯಲ್ಲಿಯೇ ಕಿತ್ತು ಬಂದಿತು. ಈಗ ಕೇಳಬೇಕಾದ ಪ್ರಶ್ನೆ: ಮುರಿದವನು ಯಾರು?

ಒಂದು ಉತ್ತರವು ಈ ದೇಶದವರಿಗೆ ಸುಲಭವಾಗಿ ತೋರುವಂತಹುದು. ಕಾಗೆ ಬಂದು ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋಯಿತು; ಹಣ್ಣು ಕಾಗೆಯಿಂದ ಬಿದ್ದುದಲ್ಲ. ಕಾಕತಾಲೀಯವೆಂದು ಹೇಳಿ ಮೇಸ್ತ್ರಿಯನ್ನು ಬಿಟ್ಟುಬಿಡಬಹುದು. ಆದರೆ ಇಲ್ಲಿ ಹೋಲಿಕೆ ಪೂರ್ತಿಯಾಗಿ ಕೂಡುವುದಿಲ್ಲ. ಕಾಗೆಯು ಹಣ್ಣನ್ನು ಕೀಳಲು ಬರಲಿಲ್ಲ. ಮೇಸ್ತ್ರಿಯು ತಿರುಪನ್ನು ತಿರುಗಿಸಲೆಂದೇ ಬಂದವನು, ಮತ್ತು ಅವನ ಬಲವಿಲ್ಲದೆ ಅದು ಆ ಹೊತ್ತಿನಲ್ಲಿ ಮುರಿಯುತ್ತಿರಲಿಲ್ಲ. ತರ್ಕಶಾಸ್ತ್ರದವರು ಗಡಿಗೆಗೆ ಮಣ್ಣು ಸಮವಾಯಿಕಾರಣವೆಂದೂ, ಕುಂಬಾರ, ಕೋಲು ಮುಂತಾದುವು ನಿಮಿತ್ತಕಾರಣಗಳೆಂದೂ ವಿಂಗಡಿಸುತ್ತಾರಷ್ಟೆ. ಆ ರೀತಿಯಲ್ಲಿ ಹೇಳುವುದಾದರೆ ಬಳಲಿದ ಲೋಹವು ಒಂದು ಕಾರಣ, ಮೇಸ್ತ್ರಿಯು ನಿಮಿತ್ತ. ಆದರೆ ಲೋಕವ್ಯವಹಾರದಲ್ಲಿ ನಿಮಿತ್ತನೆಂಬ ಮಾತನ್ನು ಬಳಸುವವರು ಅದಕ್ಕೆ ಮಾತ್ರ ಎಂಬುದೊಂದು ಬಾಲವನ್ನು ಕಟ್ಟಿಬಿಡುತ್ತಾರೆ. ಕುಂಬಾರನು ನಿಮಿತ್ತನೇ ಆದರೂ, ಗಡಿಗೆ ಸೊಟ್ಟಗಾದರೆ ಮಣ್ಣನ್ನು ಯಾರೂ ಬಯ್ಯುವುದಿಲ್ಲ.

ಇದಕ್ಕೆ ತೀರ ಎದುರಾದ ಉತ್ತರವು ಇಂಗ್ಲೆಂಡಿನ ನ್ಯಾಯಸ್ಥಾನಗಳಿಂದ ಬಂದಿದೆ. 1901ರಲ್ಲಿ ಅಲ್ಲಿ ಒಂದು ಮೊಕದ್ದಮೆ ನಡೆಯಿತು. ಕುದುರೆಯ ಬಂಡಿಯೊಂದು ಅಜಾಗರೂಕತೆಯಿಂದ ಪಾನಗೃಹವೊಂದಕ್ಕೆ ನುಗ್ಗಿದುದರಿಂದ ಒಳಗಿದ್ದ ಗರ್ಭಿಣಿಯೊಬ್ಬಳಿಗೆ ಭಯದಿಂದ ಅನಾಹುತವಾಗಿತ್ತು. ಪೆಟ್ಟು ತಿಂದವನ ತಲೆಬುರುಡೆಯು ಸಾಮಾನ್ಯರಿಗಿಂತ ತೆಳುವಾಗಿತ್ತು ಎಂಬುದು ಪೆಟ್ಟು ಕೊಟ್ಟವನಿಗೆ ಸಮಾಧಾನವಾಗಲಾರದು ಎಂಬ ತತ್ತ್ವವನ್ನು ನ್ಯಾಯಾಧಿಪತಿಯಾದ ಕೆನೆಡಿ ಅಂದು ಹೇಳಿದನು. ಸಿಕ್ಕಿದ ಮನುಷ್ಯನು ಸಿಕ್ಕಿದ ಸ್ಥಿತಿಯಲ್ಲಿಯೇ ನಿನ್ನ ಹೊಣೆ, ಎಂದಂತಾಯಿತು. ಇದನ್ನು ತಿರುಪಿಗೆ ಹಚ್ಚಿದರೆ, ಅದು ಮೊದಲೇ ಸತ್ತಿತ್ತೆಂದು ಮೇಸ್ತ್ರಿಯು ಹೇಳುವ ಹಾಗಿಲ್ಲ. ಈ ತತ್ತ್ವವು ಕಠಿನವಾಗಿದೆ. ಆದರೆ ಅದರಲ್ಲಿ ದುರ್ಬಲರ ಪಕ್ಷಪಾತವೊಂದು ಇರುವುದರಿಂದ ಗೌರವಕ್ಕೆ ಅರ್ಹವಾಗಿದೆ. ಒಂದು ಸಂಗತಿಯನ್ನು ಮಾತ್ರ ಮರೆಯಬಾರದು. ಬಂಡಿಯವನ ಅಜಾಗರೂಕತೆ ಸ್ಥಾಪಿತವಾದ ಬಳಿಕ ಅಷ್ಟೇ ಹಾನಿಯ ಅಳತೆಯಲ್ಲಿ ಈ ನಿಯಮವು ಸಲ್ಲುತ್ತದೆ. ತಪ್ಪಿಲ್ಲದವನನ್ನು ತಪ್ಪಿತಸ್ಥನನ್ನಾಗಿ ಮಾಡುವ ಶಕ್ತಿ ಅದಕ್ಕಿಲ್ಲ. ಹೀಗಾಗಿ ಮೇಸ್ತ್ರಿಯು ಹೇಗೆ ಕೆಲಸ ಮಾಡಿದನೆಂಬುದನ್ನು ವಿಚಾರಿಸದೆ ಈ ನಿದರ್ಶನದಲ್ಲಿ ಯಾವ ತೀರ್ಪೂ ಸಾಧ್ಯವಿಲ್ಲ.

ಅವನು ಮೊದಲು ಮಾಡಿದುದು ನೋಡುವುದು. ಇದು ಅಲ್ಪವಾಗಿ ಕಾಣಬಹುದು. ಆದರೆ ಕಡೆಯವನ ಹೊಣೆಯು ಇತರರದಕ್ಕಿಂತ ಹೆಚ್ಚಿನದಾಗುವುದು ಈ ನೋಟದ ಕಾರಣದಿಂದಲೇ ಎಂದು ಹೇಳಬೇಕಾಗಿದೆ. ಬಿಗಿದ ದಿನ ತಂದೆಗೆ ತುಕ್ಕು ಕಾಣಲಿಲ್ಲ, ಅದು ಇನ್ನೂ ಹುಟ್ಟಿರಲಿಲ್ಲ. ನಿಲ್ಲಿಸಿದವರಿಗೆ ಚಾಣದ ಗಾಯದ ನೆನಪಿರಲಿಲ್ಲ. ನಕ್ಷೆ ಬರೆದವನಿಗೆ ಕೊಟ್ಟಿಗೆಯ ಎರಚಲು ಗೊತ್ತಿರಲಿಲ್ಲ. ಹಿಂದಿನವರೆಲ್ಲ ಮಾಡಿದುದರ ಒಟ್ಟು ಲೆಕ್ಕವು ಕಣ್ಣೆದುರಿಗೆ ತೆರೆದಿರುವುದು ಕೊನೆಯವನೊಬ್ಬನಿಗೆ. ಅವನು ಕೆಡುಕಿನಲ್ಲಿ ಎಲ್ಲರಿಗಿಂತ ಕಡಿಮೆ ಪಾಲುಗಾರನಾಗಿದ್ದು ತಿಳಿವಿನಲ್ಲಿ ಎಲ್ಲರಿಗಿಂತ ಹೆಚ್ಚಿನ ಪಾಲುಗಾರನಾಗಿದ್ದಾನೆ. ಹಾಗಾದರೆ ನೋಡದೆ ಇರುವುದೇ ಕ್ಷೇಮವಲ್ಲವೆ ಎಂದು ಯಾವನಾದರೂ ಕುಯುಕ್ತಿ ಹೂಡಬಹುದು. ನೋಡಬಹುದಾಗಿದ್ದು ನೋಡದವನು ನೋಡಿದವನಿಗಿಂತ ಹಗುರಾಗುವುದಿಲ್ಲ. ಬಟ್ಟೆಯಿಂದೊಮ್ಮೆ ಒರೆಸಿದರೆ ಕಾಣುವುದು ಕಾಣಲಿಲ್ಲವೆಂಬ ಮಾತಿಗೆ ಯಾವ ಪಂಚಾಯಿತಿಯಲ್ಲಿಯೂ ಬೆಲೆಯಿಲ್ಲ.

ಆಮೇಲೆ ಅವನು ಕೈಕೊಂಡ ಕ್ರಮವನ್ನು ನೋಡಿದರೆ ರಾಜನೀತಿಯ ನಾಲ್ಕು ಉಪಾಯಗಳು ನೆನಪಿಗೆ ಬರುತ್ತವೆ. ಮೊದಲನೆಯದು ಸಾಮ. ಸಂಜೆ ತಿರುಪಿನ ಬುಡಕ್ಕೆ ಸೀಮೆಎಣ್ಣೆಯನ್ನೂ ತೆಳ್ಳನೆಯ ಎಂಜಿನೆಣ್ಣೆಯನ್ನೂ ಬೆರೆಸಿ ತೊಟ್ಟುತೊಟ್ಟಾಗಿ ಬಿಟ್ಟು, ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟಿದನು. ತಟ್ಟಿದಾಗ ತುಕ್ಕಿನಲ್ಲಿ ಕೂದಲಿನಂತಹ ಬಿರುಕು ಬಿದ್ದು ಎಣ್ಣೆಯು ತಾನಾಗಿ ಒಳಕ್ಕೆ ಹೀರಿಕೊಳ್ಳುತ್ತದೆ. ಎರಡನೆಯದು ದಾನ, ಇಲ್ಲಿ ಕೊಡಬೇಕಾದುದು ಹೊತ್ತು. ರಾತ್ರಿಯೆಲ್ಲ ಅದನ್ನು ಮುಟ್ಟದೆ ಬಿಟ್ಟನು. ಮೂರನೆಯದಾದ ಭೇದವು ಬಹಳ ಸೊಗಸಾದುದು. ಪೆಟ್ರೋಲಿನ ಟ್ಯಾಂಕನ್ನು ಕಳಚಿ ದೂರವಿಟ್ಟು, ಕವಚದ ಆ ಮೂಲೆಯನ್ನು ಕಾಯಿಸಿದನು. ಅಲ್ಯೂಮಿನಿಯಂ ಕಾದಾಗ ಉಕ್ಕಿಗಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. ಆರು ಮಿಲಿಮೀಟರಿನ ತೂತೂ ತಿರುಪೂ ಕೂಡಿ ನೂರು ಡಿಗ್ರಿಯಷ್ಟು ಬಿಸಿಯೇರಿದರೆ ತೂತು ತಿರುಪಿಗಿಂತ ಒಂದು ಮಿಲಿಮೀಟರಿನ ಸಾವಿರದಲ್ಲಿ ಆರೇಳು ಪಾಲಿನಷ್ಟು ಹೆಚ್ಚು ಹಿಗ್ಗಿರುತ್ತದೆ, ಎಂದರೆ ತಲೆಗೂದಲಿನ ದಪ್ಪದಲ್ಲಿ ಹತ್ತನೆಯ ಒಂದು ಪಾಲು. ಒಟ್ಟಿಗೆ ಸೇರಿಕೊಂಡು ಹಟ ಹಿಡಿದ ಇಬ್ಬರ ಸ್ವಭಾವದಲ್ಲಿರುವ ಸಣ್ಣ ವ್ಯತ್ಯಾಸವನ್ನು ಹುಡುಕಿ, ಅದರಿಂದಲೇ ಅವರನ್ನು ಬಿಡಿಸುವ ಉಪಾಯವಿದು. ಇವು ಮೂರೂ ಸಾಲದಿದ್ದಾಗ ದಂಡ. ಅದರಲ್ಲಿಯೂ ತಾರತಮ್ಯವುಂಟು. ಸುತ್ತಿಗೆಯ ಪೆಟ್ಟನ್ನೇ ತಿರುಗುವಿಕೆಯಾಗಿ ಮಾರ್ಪಡಿಸುವ ಉಪಕರಣವೊಂದಿದೆ. ಪೆಟ್ಟು ಬಿದ್ದ ಕ್ಷಣದಲ್ಲಿ ಅದರ ಮೊನೆಯು ತಿರುಪಿನ ಗಾಡಿಯೊಳಕ್ಕೆ ಒತ್ತಿಕೊಂಡೇ ತಿರುಗುವುದರಿಂದ ಜಾರುವ ಭಯ ಕಡಿಮೆ. ಮೇಸ್ತ್ರಿಯು ಹರಿದ ಗಾಡಿಯನ್ನು ಅರದಿಂದ ಆಳಗೊಳಿಸಿ, ಅದನ್ನಿಟ್ಟು, ಮೊದಲು ಬಿಗಿಯುವ ದಿಕ್ಕಿಗೆ ಒಂದು ಪೆಟ್ಟು, ಆಮೇಲೆ ಬಿಚ್ಚುವ ದಿಕ್ಕಿಗೆ ಎರಡು ಪೆಟ್ಟು ಹಾಕಿದನು. ಮೂರನೆಯದಕ್ಕೆ ತಲೆ ಹಾರಿತು. ತಿರುಪಿನ ಕತ್ತಿನಲ್ಲಿ, ಹೊರಗಿನಿಂದ ಕಾಣದ ಕಡೆ, ಹಳೆಯ ಬಿರುಕೊಂದು ಅರ್ಧಕ್ಕೂ ಮೀರಿ ಕಪ್ಪಾಗಿತ್ತು. ಅತಿಬಿಗಿತದಿಂದ ಹುಟ್ಟಿದ ಬಿರುಕು ಅದು.

ಇಷ್ಟನ್ನು ಕಂಡಮೇಲೆ ಮೇಸ್ತ್ರಿಯನ್ನು ತಪ್ಪಿತಸ್ಥನೆನ್ನುವುದು ನ್ಯಾಯವಾಗದು. ಆದರೆ ತಪ್ಪಿಲ್ಲವೆಂದಮಾತ್ರಕ್ಕೆ ಹೊಣೆಯಿಲ್ಲವೆಂದಾಗುವುದಿಲ್ಲ. ಈ ಎರಡನ್ನು ಬೇರ್ಪಡಿಸದೆ ಇರುವುದರಿಂದಲೇ ಲೋಕದಲ್ಲಿ ಎಷ್ಟೋ ಜಗಳಗಳು ಬೆಳೆಯುತ್ತವೆ. ತಪ್ಪು ಹಿಂದೆ ನಡೆದುದಕ್ಕೆ ಸಂಬಂಧಿಸಿದುದು, ಹೊಣೆಯು ಮುಂದೆ ನಡೆಯಬೇಕಾದುದಕ್ಕೆ. ತಲೆ ಹಾರಿದ ಗಳಿಗೆಯಿಂದ ಅವನ ಮುಂದೆ ಎರಡು ದಾರಿಗಳಿದ್ದವು. ಮುಚ್ಚಳವು ಉಳಿದ ತಿರುಪುಗಳಿಂದಲೂ ಕೂರಬಲ್ಲುದು. ಕಿತ್ತ ತಲೆಯನ್ನು ಅಂಟಿನಿಂದ ಅದರ ಸ್ಥಳದಲ್ಲಿಯೇ ಅಂಟಿಸಿದರೆ ನೋಡುವವನಿಗೆ ಎಲ್ಲ ನೆಟ್ಟಗೇ ಇರುವುದು. ಎಣ್ಣೆ ಒಸರಲು ಆರು ತಿಂಗಳಾದರೂ ಹಿಡಿದೀತು. ಆಗ ಅದು ಹಳೆಯ ಗಾಡಿಯ ಸಹಜ ದೋಷವಾಗುತ್ತದೆ. ಹೀಗೆ ಮಾಡುವವರು ಇಲ್ಲದಿಲ್ಲ. ಅವರನ್ನು ಬಯ್ಯುವುದಕ್ಕೆ ಮುಂಚೆ, ಅವರನ್ನು ಆ ದಾರಿಗೆ ನೂಕುವುದೇನೆಂಬುದನ್ನು ವಿದ್ಯಾವಂತ ಗೃಹಸ್ಥರು ಕೊಂಚ ಯೋಚಿಸಬೇಕು.

ತಾಳ್ಮೆಯನ್ನು ಹೊಗಳುವವರು ಅದಕ್ಕೆ ತಗಲುವ ವೆಚ್ಚವನ್ನು ಯಾರು ಕೊಡಬೇಕೆಂದು ಹೇಳುವುದಿಲ್ಲ. ತಾಳಿದವನು ಬಾಳಿಯಾನು ಎಂಬ ಗಾದೆ ದಿಟ. ಆದರೆ ದಿನಗೂಲಿಯವನು ರಾತ್ರಿಯೆಲ್ಲ ಒಂದು ತಿರುಪಿಗಾಗಿ ತಾಳಿದರೆ ಮರುದಿನದ ಅಕ್ಕಿ ಯಾರ ಲೆಕ್ಕಕ್ಕೆ? ಗಾಡಿಯ ಒಡೆಯನು ಬೆಳಗ್ಗೆ ಬಂದು ಸಂಜೆಗೆ ಬೇಕೆನ್ನುತ್ತಾನೆ. ಒಂದು ತಿರುಪು ಬಿಚ್ಚಿದ್ದಕ್ಕೆ ಇಷ್ಟೇಕೆ ಎನ್ನುತ್ತಾನೆ. ಮುಚ್ಚಳದ ತಿರುಪುಗಳಲ್ಲಿ ಉಳಿದವೆಲ್ಲ ಹತ್ತು ನಿಮಿಷದಲ್ಲಿ ಬಂದುವು, ಈ ಒಂದಕ್ಕೆ ಎರಡು ದಿನವೆಂದರೆ ಅವನಿಗೆ ಮೋಸವೆಂದೇ ತೋರುವುದು. ಎಣ್ಣೆ ಹೀರಲು ಬೇಕಾದ ಹೊತ್ತಿಗೆ ಬೆಲೆ ಕಟ್ಟಲೊಪ್ಪದ ಒಡೆಯನು ತಾನು ಮುಟ್ಟದೆಯೇ ಆ ತಿರುಪಿನ ಮುರಿವಿನಲ್ಲಿ ಪಾಲುಗಾರನಾಗುತ್ತಾನೆ. ಅವನ ಆತುರವು ಮೇಸ್ತ್ರಿಯ ತೋಳಿನಲ್ಲಿ ಕೆಲಸ ಮಾಡುತ್ತದೆ. ಹೀಗೆ ನೋಡಿದರೆ ಕಡೆಯ ಕೈ ಎಂಬುದು ಒಂದೇ ಕೈಯಲ್ಲ. ಅದರ ಹಿಂದೆ ಕೂಲಿ ಕೊಡುವ ಕೈಯೂ ಇದೆ. ಈ ಗೃಹಸ್ಥನು ಆ ವಿಷಯದಲ್ಲಿ ಒಳ್ಳೆಯವನಾಗಿದ್ದುದು ಮೇಸ್ತ್ರಿಯ ಪುಣ್ಯ. ಅವನ ಗೆಣ್ಣಿನ ಗಾಯ ಇನ್ನೂ ಮಾಯದಿದ್ದುದೂ ಸ್ವಲ್ಪ ನೆರವಾಯಿತೆನ್ನಬೇಕು.

ಮೇಸ್ತ್ರಿಯು ಕಿತ್ತ ತಲೆಯನ್ನು ಅಂಗೈಯಲ್ಲಿಟ್ಟುಕೊಂಡು ಬಂದು ತೋರಿಸಿದನು. “ಮುರಿಯಿತು ಸ್ವಾಮಿ” ಎಂದನು. ಮುರಿದೆ ಎನ್ನಲಿಲ್ಲ, ಮುರಿದಿತ್ತು ಎನ್ನಲೂ ಇಲ್ಲ. ಇದಕ್ಕಿಂತ ನಿಖರವಾದ ಮಾತು ಸಿಕ್ಕುವುದು ಕಷ್ಟ.

ಮುಂದಿನ ಕೆಲಸವು ದೀರ್ಘವಾದುದಾದರೂ ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ತಲೆ ಹೋದುದರಿಂದ ಮುಚ್ಚಳವೇನೋ ಬಿಡಿಸಿಕೊಂಡು ಬಂದಿತು. ಕವಚದಿಂದ ಹೊರಚಾಚಿದ ಮೋಟನ್ನು ಹಿಡಿದು ತಿರುಗಿಸಿದರೆ ಅದೂ ಮಟ್ಟಸವಾಗಿ ಮುರಿದು ಒಳಗೇ ಉಳಿಯಿತು. ಅಂಗಡಿಯ ಹುಡುಗನು ಪೆಟ್ಟಿಗೆಯಿಂದ ತಿರುಪು ಕೀಳುವ ಉಕ್ಕಿನ ಎಡಸುರುಳಿಯ ಕಡ್ಡಿಯನ್ನು ತಂದನು. ಮೇಸ್ತ್ರಿಯು ಬೇಡವೆಂದನು. ಆ ಕಡ್ಡಿಯು ಬಹಳ ಗಡಸು, ಆದಕಾರಣ ಪೆಡಸು. ಇಡೀ ದಪ್ಪದಲ್ಲಿ ತಿರುಗದೆ ಮುರಿದ ತಿರುಪನ್ನು, ಅದರೊಳಗಿನ ತೂತಿನಲ್ಲಿ ಕೂರುವಷ್ಟು ಸಪೂರವಾದ ಕಡ್ಡಿಯು ತಿರುಗಿಸೀತೆಂಬುದು ದುರಾಸೆ. ಅದು ಮುರಿದು ಒಳಗುಳಿದರೆ ಸಾಧಾರಣ ಬೈರಿಗೆಯು ಅದನ್ನು ಕೊರೆಯಲಾರದು. ಆಗ ಉಳಿಯುವುದು ವಿದ್ಯುತ್ತಿನ ಕಿಡಿಗಳಿಂದ ಲೋಹವನ್ನು ಕಣಕಣವಾಗಿ ಸವೆಸುವ ಯಂತ್ರ. ಆ ವಿದ್ಯೆಯ ಹುಟ್ಟೂ ಚಿಂತನಾರ್ಹವಾದುದು: 1943ರಲ್ಲಿ ಸೋವಿಯತ್ ದೇಶದ ಲಜಾರೆಂಕೊ ದಂಪತಿಗಳು ವಿದ್ಯುತ್ ಸಂಪರ್ಕದ ಬಿಂದುಗಳು ಕಿಡಿಯಿಂದ ಸವೆಯುವುದನ್ನು ತಡೆಯುವ ಬಗೆ ಹುಡುಕುತ್ತಿದ್ದು, ತಡೆಯಲಾಗದ ಆ ಸವೆತವನ್ನೇ ಕೆಲಸಕ್ಕೆ ಹೂಡುವ ಉಪಾಯವನ್ನು ಕಂಡರು. ಆದರೆ ಅಂತಹ ಯಂತ್ರವು ಎಲ್ಲ ಊರುಗಳಲ್ಲಿಯೂ ಇರತಕ್ಕದ್ದಲ್ಲ. ರೋಗಕ್ಕಿಂತ ಗಡಸಾದ ಮದ್ದನ್ನು ರೋಗದ ಜಾಗದಲ್ಲಿ ಮುರಿದು ಬಿಡುವ ಭಯವಿರುವಾಗ ಕೈ ತಡೆಯುವುದೇ ಜಾಣತನ. ಮೇಸ್ತ್ರಿಯು ಮೋಟಿನ ನಟ್ಟನಡುವೆ ಚುಕ್ಕೆಯೊಂದನ್ನು ಕುಟ್ಟಿ, ಎರಡು, ಮೂರು, ನಾಲ್ಕು ಮಿಲಿಮೀಟರಿನ ಬೈರಿಗೆಗಳಿಂದ ಕ್ರಮವಾಗಿ ಕೊರೆದು ತಿರುಪನ್ನು ತಿರುಪಾಗಿ ಉಳಿಯದಂತೆ ಮಾಡಿದನು. ನಡುವು ಕೂದಲಿನಷ್ಟು ತಪ್ಪಿದ್ದರೂ ಬೈರಿಗೆಯು ಗಡಸಾದ ಉಕ್ಕನ್ನು ಬಿಟ್ಟು ಮೆತ್ತನೆಯ ಅಲ್ಯೂಮಿನಿಯಮ್ಮಿಗೆ ಹೊರಳಿ ಕವಚವನ್ನು ಕೆಡಿಸುತ್ತಿತ್ತು.

ಇಲ್ಲಿ ಮಗನ ಮನಸ್ಸಿನಲ್ಲಿ ಒಂದು ಸಂಕಟವಿತ್ತು. ತಂದೆಯ ಕೈ ಬಿಗಿದ ತಿರುಪು ಪುಡಿಪುಡಿಯಾಗಿ ನೆಲಕ್ಕೆ ಬೀಳುತ್ತಿದೆ. ಇದನ್ನು ಭಾವುಕತೆಯೆಂದು ತಳ್ಳಿಹಾಕಬೇಕಾಗಿಲ್ಲ. ಆದರೆ ತಿರುಪು ಇರುವುದು ಕವಚಕ್ಕಾಗಿ, ಕವಚವು ತಿರುಪಿಗಾಗಿ ಅಲ್ಲ. ಅಂತಹ ತಿರುಪು ಯಾವ ಪೇಟೆಯಲ್ಲಿಯೂ ಕೆಲವು ರೂಪಾಯಿಗಳಿಗೆ ಸಿಕ್ಕುವುದು. ಕವಚವನ್ನು ಎರಕ ಹೊಯ್ದ ಕಾರ್ಖಾನೆ ಮುಚ್ಚಿದೆ. ಜಾವಾ ಎಂಬ ಹೆಸರು 2018ರಲ್ಲಿ ಮತ್ತೆ ಪೇಟೆಗೆ ಬಂದರೂ ಆ ಹೊಸ ಗಾಡಿಗಳ ಎಂಜಿನ್ನು ಬೇರೆಯ ಜಾತಿಯದು. ಉಳಿಸಬೇಕಾದುದು ಯಾವುದು, ಅದಕ್ಕಾಗಿ ಬಿಡಬೇಕಾದುದು ಯಾವುದು ಎಂಬ ತೂಕವನ್ನು ಹಿರಿಯರ ನೆನಪು ತಪ್ಪಿಸಬಾರದು. ಹಿರಿಯರ ಪದ್ಧತಿಗಳ ವಿಷಯದಲ್ಲಿಯೂ, ಯಾವುದು ತಿರುಪು ಯಾವುದು ಕವಚ ಎಂದು ವಿಂಗಡಿಸದೆ ಎಲ್ಲವನ್ನೂ ಒಂದೇ ಬಿಗಿತದಲ್ಲಿ ಹಿಡಿದುಕೊಳ್ಳುವವರನ್ನು ಕಾಣುವುದುಂಟು.

ಕಚ್ಚಿಕೊಂಡ ತಿರುಪಿನ ವಿಷಯವಾಗಿ ತತ್ತ್ವವಿಚಾರ ಮಾಡಿದವರಲ್ಲಿ ಅಮೆರಿಕದ ರಾಬರ್ಟ್ ಪರ್ಸಿಗ್ ಎಂಬವನು ಪ್ರಸಿದ್ಧನು. ಝೆನ್ ತತ್ತ್ವವನ್ನೂ ಮೋಟಾರ್ ಸೈಕಲ್ಲಿನ ಆರೈಕೆಯನ್ನೂ ಜೋಡಿಸಿ 1974ರಲ್ಲಿ ಅವನು ಪ್ರಕಟಿಸಿದ ಗ್ರಂಥದಲ್ಲಿ, ಪಕ್ಕದ ಮುಚ್ಚಳದ ತಿರುಪೊಂದು ಹರಿದು ನಿಂತರೆ ಆ ಕ್ಷಣದಲ್ಲಿ ಅದರ ಬೆಲೆಯು ಇಡೀ ಗಾಡಿಯ ಬೆಲೆಗೆ ಸಮನಾಗುತ್ತದೆಂದು ತೋರಿಸಿದ್ದಾನೆ. ದಾರಿ ಕಾಣದೆ ನಿಂತ ಮನಸ್ಸೇ ನಿಜವಾಗಿ ಕಲಿಯಲು ಸಿದ್ಧವಾದ ಮನಸ್ಸೆಂಬುದು ಅವನ ಅಭಿಪ್ರಾಯ. ಅದು ಬೆಲೆಯುಳ್ಳ ಮಾತು. ಆದರೆ ಅವನ ವಿಚಾರದಲ್ಲಿ ತಿರುಪೂ ಅದರ ಮುಂದೆ ಕೂತವನೂ ಇಬ್ಬರೇ ಇದ್ದಾರೆ. ಅದನ್ನು ಹಿಂದೆ ಬಿಗಿದವನಿಗೂ ಮುಂದೆ ಬಿಚ್ಚುವವನಿಗೂ ಸಾಕಷ್ಟು ಎಡೆಯಿಲ್ಲ. ತಿರುಪು ಎಂಬುದು ಬಿಚ್ಚುವುದಕ್ಕಾಗಿಯೇ ಹುಟ್ಟಿದ ಬಂಧನ. ಎಂದೆಂದಿಗೂ ಬಿಡದಿರಬೇಕಾದರೆ ಬೆಸುಗೆಯೋ ರಿವೆಟ್ಟೋ ಸಾಕಾಗಿತ್ತು. ಬಿಗಿಯುವಾಗಲೇ ಇನ್ನೊಬ್ಬನು ಬಂದು ಬಿಚ್ಚುವನೆಂಬ ಒಪ್ಪಂದವು ಅದರಲ್ಲಿ ಸೇರಿರುತ್ತದೆ.

ಆ ಇನ್ನೊಬ್ಬನು ಯಾರೋ, ಯಾವ ಊರಿನವನೋ. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತನು 1841ರಲ್ಲಿ ತಿರುಪಿನ ಸುರುಳಿಗೆ 55 ಡಿಗ್ರಿಯ ಕೋನವನ್ನೂ ದಪ್ಪಕ್ಕೆ ತಕ್ಕ ಗೆರೆಗಳ ಲೆಕ್ಕವನ್ನೂ ಗೊತ್ತುಮಾಡಬೇಕೆಂದು ಸೂಚಿಸುವುದಕ್ಕೆ ಮುಂಚೆ ಒಂದೊಂದು ಕಾರ್ಖಾನೆಗೂ ಅದರದೇ ಅಳತೆ. ಅಮೆರಿಕದಲ್ಲಿ 1864ರಲ್ಲಿ ವಿಲಿಯಂ ಸೆಲರ್ಸನು 60 ಡಿಗ್ರಿಯನ್ನು ಸೂಚಿಸಿದನು. ಮೆಟ್ರಿಕ್ ತಿರುಪುಗಳ ಕೋನವೂ ಅದೇ. ಈ ಅಳತೆಗಳನ್ನು ಜನರು ಯಂತ್ರಶಾಸ್ತ್ರದ ಒಣ ಸಂಗತಿಗಳೆಂದು ಭಾವಿಸುವುದುಂಟು. ವಾಸ್ತವವಾಗಿ ಅವು ಪರಿಚಯವಿಲ್ಲದವರು ಪರಿಚಯವಿಲ್ಲದವರಿಗೆ ಕೊಟ್ಟ ಮಾತು. ಕಾಲಿಂಚಿನ ವಿಟ್‌ವರ್ತ್ ಸ್ಪ್ಯಾನರಿನ ಬಾಯಿಯು ಸುಮಾರು 13.3 ಮಿಲಿಮೀಟರು ಅಗಲ. ಅದಕ್ಕೆ ತಕ್ಕ ಹಳೆಯ ಬೋಲ್ಟಿಗೆ 13ರ ಸ್ಪ್ಯಾನರು ಹೋಗುವುದಿಲ್ಲ, 14ರದು ಸಡಿಲ. ಇರಲಿ, ಹತ್ತಿರ ಹತ್ತಿರ ಸರಿಹೋಯಿತೆಂದು 14ರದನ್ನೇ ಹಾಕಿ ತಿರುಗಿಸಿ ಆರು ಮೂಲೆಗಳನ್ನೂ ಉರುಟು ಮಾಡಿದವನು ಆ ಮಾತನ್ನು ಮುರಿದಂತಾಯಿತು. ಅವನ ಕೆಲಸವೇನೋ ಆಯಿತು. ಮುಂದೆ ಬರುವವನಿಗೆ ಹಿಡಿಯಲು ಮೂಲೆಯಿಲ್ಲ. ಹೀಗೆ ಉಪಕಾರಿಯೂ ಅಪಕಾರಿಯೂ ಪರಸ್ಪರ ಮುಖವನ್ನೇ ಕಾಣದ ವ್ಯವಹಾರದಲ್ಲಿ ಹೊಗಳಿಕೆಯ ಆಸೆಯೂ ದೂರಿನ ಭಯವೂ ಕೆಲಸ ಮಾಡವು. ಎದುರಿಗಿರುವವನಿಗೆ ತೋರುವ ದಾಕ್ಷಿಣ್ಯವೇ ಧರ್ಮವೆಂದು ತಿಳಿದವರಿಗೆ ಇದು ಅರ್ಥವಾಗುವುದು ಸುಲಭವಲ್ಲ.

ತಂದೆಯು ಈ ಲೆಕ್ಕದಲ್ಲಿ ತಪ್ಪಿದರೆ? ತಪ್ಪಿದರೆಂದೇ ಹೇಳಬೇಕು. ಮುಚ್ಚಳದ ಕೆಳಗಿನ ಕಾಗದದ ಹಾಸನ್ನು ಬದಲಿಸಿದ್ದರೆ ಎಣ್ಣೆ ನಿಲ್ಲುತ್ತಿತ್ತು. ಅದಕ್ಕೆ ಚಾಣ ಬೇಕಾಗಿರಲಿಲ್ಲ. ಆದರೆ ಮರುದಿನ ಬೆಳಗ್ಗೆ ಕೆಲಸಕ್ಕೆ ಹೋಗಬೇಕಾದವರು, ಹಾಸು ಸಿಕ್ಕುವ ಅಂಗಡಿ ಪಟ್ಟಣದಲ್ಲಿ, ರಾತ್ರಿ ಲಾಟೀನಿನ ಬೆಳಕಿನಲ್ಲಿ ಕೂತು ಕೈಗೆ ಸಿಕ್ಕಿದುದರಿಂದ ಮಾಡಿದ್ದಾರೆ. ಅವರ ತಪ್ಪನ್ನು ತಪ್ಪೆಂದು ಹೇಳುವುದಕ್ಕೂ ಅವರ ಮೇಲೆ ಅದನ್ನು ಹೊರಿಸದಿರುವುದಕ್ಕೂ ಮಗನಿಗೆ ಏಕಕಾಲದಲ್ಲಿ ಸಾಧ್ಯವಾದುದು, ಹರಿದ ಗಾಡಿಯು ತನ್ನ ತಿರುಪುಳಿಯ ಗುರುತೆಂಬುದು ಅವನಿಗೆ ನೆನಪಿದ್ದುದರಿಂದ. ಒಂದೇ ತಲೆಯ ಮೇಲೆ ಅಂಚಿನಲ್ಲಿ ತಂದೆಯ ಗಾಯ, ನಡುವಿನಲ್ಲಿ ಮಗನ ಗಾಯ.

ಮೂರನೆಯ ದಿನ ಕೆಲಸ ಮುಗಿಯಿತು. ಕವಚದ ಹಳೆಯ ಸುರುಳಿ ಪೂರಾ ಉಳಿದಿರಲಿಲ್ಲವಾಗಿ ಮೇಸ್ತ್ರಿಯು ತೂತನ್ನು ಸ್ವಲ್ಪ ಹಿಗ್ಗಲಿಸಿ, ಹೊಸ ಗೆರೆ ತೆಗೆದು, ಅದರೊಳಗೆ ಉಕ್ಕಿನ ತಂತಿಯ ಸುರುಳಿಯೊಂದನ್ನು ಕೂರಿಸಿ, ಮೊದಲಿನ ಅಳತೆಯ ಹೊಸ ತಿರುಪೇ ಹಿಡಿಯುವಂತೆ ಮಾಡಿದನು. ಹೊಸ ಕಾಗದದ ಹಾಸನ್ನಿಟ್ಟು ಮುಚ್ಚಳ ಹಾಕಿ, ತಿರುಪುಗಳಿಗೆಲ್ಲ ತಾಮ್ರದ ಪುಡಿ ಬೆರೆಸಿದ ಗ್ರೀಸನ್ನು ಸವರಿದನು. ಬಿಗಿಯುವಾಗ ತಿರುಪುಳಿಯನ್ನು ಅಂಗೈಯಲ್ಲಿ ಹಿಡಿಯದೆ ಮೂರು ಬೆರಳಿನಲ್ಲಿ ಹಿಡಿದಿದ್ದನು.

“ಇಷ್ಟು ಸಾಕೇನಪ್ಪ?” ಎಂದು ಗೃಹಸ್ಥನು ಕೇಳಿದನು. ಅವನ ದನಿಯಲ್ಲಿ ತಂದೆಯ ಭಯವೇ ಇತ್ತು.

“ಸಾಕು ಸ್ವಾಮಿ. ಒಂದು ವಾರ ಓಡಿಸಿ, ಒಸರಿದರೆ ಬನ್ನಿ, ನೋಡೋಣ. ಒಸರದಿದ್ದರೆ ಮುಟ್ಟಬೇಡಿ.”

ಮನೆಯಲ್ಲಿ ತಂದೆಯು ಗಾಡಿಯ ಲೆಕ್ಕ ಬರೆದಿಡುತ್ತಿದ್ದ ಸಣ್ಣ ಪುಸ್ತಕವೊಂದು ಉಳಿದಿತ್ತು. ಪೆಟ್ರೋಲಿನ ಬೆಲೆ, ಟಯರು ಬದಲಿಸಿದ ತಾರೀಖು ಮುಂತಾದುವು ಅದರಲ್ಲಿದ್ದುವು. ಚಾಣದ ವಿಷಯ ಎಲ್ಲಿಯೂ ಇರಲಿಲ್ಲ. ಗೃಹಸ್ಥನು ಕೊನೆಯ ಬರೆಹದ ಕೆಳಗೆ ಒಂದು ಗೆರೆ ಎಳೆದು, ಆ ದಿನದ ತಾರೀಖನ್ನು ಹಾಕಿ, ಎಡಮುಚ್ಚಳದ ಕೆಳಮೂಲೆಯ ತಿರುಪು ಮುರಿದುದನ್ನೂ, ಅಲ್ಲಿ ತಂತಿಯ ಸುರುಳಿ ಕೂರಿಸಿರುವುದನ್ನೂ, ಅದನ್ನು ಮೂರು ಬೆರಳಿನಲ್ಲಿ ಮಾತ್ರ ಬಿಗಿಯಬೇಕೆಂಬುದನ್ನೂ ಬರೆದು, ಪುಸ್ತಕವನ್ನು ಗಾಡಿಯ ಉಪಕರಣಗಳ ಪೆಟ್ಟಿಗೆಯಲ್ಲಿಯೇ ಇಟ್ಟನು.